ಚಿಲ್ಲರೆ ಇಲ್ಲ

ಮನೆಯೊಂದರ ಗೇಟಿನ ಮುಂದೆ ಗೂಸ್‌ಬೆರ್ರಿ ಜಾಮಿನ ಸೀಸೆಗಳಿದ್ದವು. ಎರಡೂವರೆ ಪೌಂಡು ಎಂಬ ಚೀಟಿಯಿತ್ತು, ಕಾಸು ಹಾಕಲು ಕಿಂಡಿಯಿದ್ದ ತಗಡಿನ ಡಬ್ಬಿಯಿತ್ತು. ಮಾರುವವರಿರಲಿಲ್ಲ. ನನ್ನ ಜೇಬಿನಲ್ಲಿ ಚಿಲ್ಲರೆಯೂ ಇರಲಿಲ್ಲ. "ಈ ದೇಶದಲ್ಲಿ ಯಾರಪ್ಪಾ ಕಾಸು ಇಟ್ಕೊಂಡು ಓಡಾಡ್ತಾರೆ?" ಅಂದ ಮಗ. ಮತ್ತೆ ಈ ಡಬ್ಬಿ ಯಾಕೋ? ಅದಕ್ಕವನಲ್ಲಿ ಉತ್ತರವಿಲ್ಲ. ಊರಿನ ಹೆಸರು ನೋಡಿದರೆ 'ಎಯಾಮ್' ಅಂತ ಓದಬೇಕು, ಅನ್ನಬೇಕಾದ್ದು 'ಈಮ್' ಅಂತೆ. ಅದನ್ನು ಮಾತ್ರ ಮೂರು ಸಲ ತಿದ್ದಿದ್ದ.

ಇಂಗ್ಲೆಂಡಿನ ಡರ್ಬಿಶೈರಿನ ಈ ಹಳ್ಳಿಗೆ 1665ರಲ್ಲಿ ಲಂಡನ್ನಿನ ಬಟ್ಟೆಗಂಟಿನ ಜೊತೆ ಪ್ಲೇಗು ಬಂತು ಅನ್ನುತ್ತಾರೆ. ಮರುವರ್ಷ ಪಾದ್ರಿ ವಿಲಿಯಂ ಮೊಂಪೆಸನ್ ಮಾತಿಗೆ ಒಪ್ಪಿ ಜನ ಊರಿನ ಎಲ್ಲೆ ದಾಟದೆ ಕೂತರು. ಸೇಂಟ್ ಲಾರೆನ್ಸ್ ಚರ್ಚು ಮುಚ್ಚಿ ಪ್ರಾರ್ಥನೆ ಬಯಲಿಗೆ ಬಂತು. ಸತ್ತವರು ಸುಮಾರು 260. ಪಾದ್ರಿಯ ಹೆಂಡತಿ ಕ್ಯಾಥರೀನ್ ಚರ್ಚಿನಂಗಳದಲ್ಲೇ ಮಲಗಿದ್ದಾಳೆ. ಅಲ್ಲೇ ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಶಿಲುಬೆಯಿದೆ.

ಊರಾಚೆ ಎಲ್ಲೆಕಲ್ಲು. ಅದರಲ್ಲಿ ಆರು ಕುಳಿ. ಕುಳಿಗೆ ವಿನೆಗರ್ ಹುಯ್ದು ಕಾಸು ಮುಳುಗಿಸಿಟ್ಟರೆ, ಪಕ್ಕದೂರಿನವರು ಅದನ್ನೆತ್ತಿಕೊಂಡು ದಿನಸಿ ಇಟ್ಟು ಹೋಗುತ್ತಿದ್ದರಂತೆ.

ಇದನ್ನು ಕೇಳಿದ್ದೇ ನನಗೆ 2020 ನೆನಪಾಯಿತು. ಆಗ ನನ್ನಾಕೆ ಸೊಪ್ಪಿನವನು ಕೊಟ್ಟ ಚಿಲ್ಲರೆಯನ್ನು ಸೋಪಿನ ನೀರಲ್ಲಿ ನೆನೆಸುತ್ತಿದ್ದಳು. ಐನೂರರ ನೋಟೊಂದನ್ನೂ ತೊಳೆದು ತಂತಿಗೆ ಒಣಹಾಕಿದಳು. ನಾನು ಕ್ಲಿಪ್ ಹಾಕು ಅಂದೆ. ಬೇಡ, ಗಾಳಿ ಇಲ್ಲ ಅಂದಳು. ಗಾಳಿ ಬಂತು. ನೋಟು ಕಾಂಪೌಂಡು ಹಾರಿ ಪಕ್ಕದ ಮನೆಯವರ ತುಳಸಿಕಟ್ಟೆ ಹತ್ತಿರ ಬಿತ್ತು. "ಸ್ವಲ್ಪ ಎತ್ತಿಕೊಡ್ತೀರಾ?" ಅಂದೆ. ಆ ಮನುಷ್ಯ ಎರಡೆರಡು ಮಾಸ್ಕು ಹಾಕಿಕೊಂಡು ಬಂದು, ಜೇಡರಬಲೆ ತೆಗೆಯುವ ಕೋಲಿನಿಂದ ಅದನ್ನು ತಳ್ಳುತ್ತಾ ತಳ್ಳುತ್ತಾ ಗೇಟಿನಾಚೆ ತಂದು, ನೆಟ್ಟಗೆ ಚರಂಡಿಗೆ ಕೆಡವಿದ. "ತಗೊಳ್ಳಿ ಸಾರ್" ಅಂದ ಬೇರೆ! ಮೊನ್ನೆ ಮಗಳ ಮದುವೆಗೆ ಕರೆಯಲು ಬಂದಿದ್ದ. ಹೋದೆ, ಊಟವನ್ನೂ ಮಾಡಿದೆ. ಮುಯ್ಯಿ ಕವರಿನಲ್ಲಿ ಎಷ್ಟಿಟ್ಟೆ ಅಂತ ಹೇಳುವುದಿಲ್ಲ.

ಎಲ್ಲೆಕಲ್ಲಿನ ಕುಳಿಗಳಲ್ಲಿ ಈಗಲೂ ಬಂದವರು ಕಾಸು ಹಾಕಿ ಹೋಗುತ್ತಾರೆ. ಬಗ್ಗಿ ನೋಡಿದೆ: ಒಂದು ಪೌಂಡಿನದು ಒಂದು, ಐವತ್ತು ಪೆನ್ನಿಯವು ಎರಡು, ಉಳಿದದ್ದು ಪುಡಿಗಾಸು. ಜಾಮಿಗೆ ಒಂದಿಪ್ಪತ್ತು ಪೆನ್ನಿ ಕಮ್ಮಿ ಬೀಳುತ್ತಿತ್ತು.

"ಅಪ್ಪಾ, ಕೈ ತೆಗಿ" ಅಂದ ಮಗ.