ಸಂಬಳದ ಮನೆಗೊಂದು ರಿವಾಲ್ವರ್: ಕೊಳ್ಳಬಹುದೇ?

ಪರ: ಕೊಳ್ಳಬಹುದು, ಲೆಕ್ಕ ಹಾಕಿ ಕೊಂಡರೆ

ಬಂದೂಕು ದುಡ್ಡಿದ್ದವರ ಸೊತ್ತು ಎಂಬ ಮಾತು ಬೆಂಗಳೂರಿನಲ್ಲಿ ಗಟ್ಟಿಯಾಗಿ ಬೇರೂರಿದೆ. ಬಿಲ್ಡರ್ ಸೊಂಟದಲ್ಲಿ ರಿವಾಲ್ವರ್ ಕಂಡರೆ ಯಾರೂ ಏನೂ ಕೇಳುವುದಿಲ್ಲ. ದಿನದ ಗಲ್ಲಾ ಎಣಿಸಿಕೊಂಡು ರಾತ್ರಿ ಒಬ್ಬನೇ ಹೊರಡುವ ಪೆಟ್ರೋಲ್ ಬಂಕಿನ ಕ್ಯಾಷಿಯರ್ ಅದೇ ರಿವಾಲ್ವರ್ ಬೇಕೆಂದರೆ ಎಲ್ಲರ ಹುಬ್ಬು ಮೇಲೇರುತ್ತದೆ. ಕಾನೂನು ಈ ಭೇದ ಮಾಡಿಲ್ಲ. ಅರ್ಜಿದಾರನ ಬಳಿ ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವಂತಿಲ್ಲ ಎಂದು 1959ರ ಶಸ್ತ್ರಾಸ್ತ್ರ ಕಾಯ್ದೆಯ 14ನೇ ಸೆಕ್ಷನ್ ನೇರವಾಗಿ ಹೇಳುತ್ತದೆ. ಪ್ರಾಣಭಯಕ್ಕೆ ಸರಿಯಾದ ಕಾರಣ ತೋರಿಸಬಲ್ಲವನಿಗೆ ಸಂಬಳದ ಚೀಟಿ ಅಡ್ಡ ಬರಬಾರದು.

ಮೊದಲು ಲೈಸೆನ್ಸ್, ಆಮೇಲೆ ಬಂದೂಕು. ಈ ಕ್ರಮ ತಪ್ಪಿಸಿ ಗನ್ ಹೌಸಿಗೆ (ಬಂದೂಕಿನ ಅಂಗಡಿಗೆ) ಮುಂಗಡ ಕೊಟ್ಟವರ ದುಡ್ಡು ಸಿಕ್ಕಿಕೊಳ್ಳುತ್ತದೆ. ನಗರದಲ್ಲಿ ಲೈಸೆನ್ಸ್ ಕೊಡುವ ಅಧಿಕಾರ ಪೊಲೀಸ್ ಕಮಿಷನರ್ ಅವರದು. ಕಚೇರಿ ಇನ್‌ಫೆಂಟ್ರಿ ರಸ್ತೆಯಲ್ಲಿದೆ. ವಯಸ್ಸು 21 ತುಂಬಿರಬೇಕು. ಎ-1 ನಮೂನೆಯ ಅರ್ಜಿ, ಗುರುತು ಮತ್ತು ವಿಳಾಸದ ದಾಖಲೆ, ಎಸ್-3 ನಮೂನೆಯ ವೈದ್ಯಕೀಯ ಪ್ರಮಾಣಪತ್ರ, ಸುರಕ್ಷತಾ ತರಬೇತಿ ಮುಗಿಸಿದ್ದಕ್ಕೆ ಎಸ್-1 ಪ್ರಮಾಣಪತ್ರ, ಆಯುಧವನ್ನು ಭದ್ರವಾಗಿ ಇಡುತ್ತೇನೆಂಬ ಹೇಳಿಕೆ, ಇಷ್ಟು ಬೇಕು. ಅರ್ಜಿಯ ಜೀವ ಇರುವುದು ಕಾರಣದ ಕಾಲಂನಲ್ಲಿ. 'ಆತ್ಮರಕ್ಷಣೆ' ಎಂದು ಒಂದೇ ಪದ ಬರೆದ ಅರ್ಜಿಗೆ ಬಲವಿಲ್ಲ. ನಗದು ಸಾಗಿಸುವ ಕೆಲಸವಾದರೆ ಮಾಲೀಕರ ಪತ್ರ ಮತ್ತು ಬ್ಯಾಂಕಿಗೆ ಕಟ್ಟಿದ ರಸೀದಿಗಳು, ಬೆದರಿಕೆ ಇದ್ದರೆ ದೂರಿನ ಪ್ರತಿ ಅಥವಾ ಎಫ್‌ಐಆರ್, ಒಂಟಿ ತೋಟದ ಮನೆಯಾದರೆ ಪಹಣಿ ಮತ್ತು ಠಾಣೆಗಿರುವ ದೂರ, ಹೀಗೆ ಹೇಳಿದ ಪ್ರತಿ ಮಾತಿಗೂ ಒಂದು ಕಾಗದ ಇರಲಿ. ನಿರಾಕರಿಸಿದರೆ 18ನೇ ಸೆಕ್ಷನ್ ಅಡಿ ಮೇಲ್ಮನವಿ ಇದೆ. ಬೇರೆ ರಾಜ್ಯದ ಲೈಸೆನ್ಸ್ ಮಾಡಿಸಿಕೊಡುತ್ತೇನೆಂದು ಬರುವ ಮಧ್ಯವರ್ತಿಯನ್ನು ಬಾಗಿಲಲ್ಲೇ ಕಳಿಸಿಬಿಡಿ. ಅಂಥ ಕಾಗದ ಮುಂದೆ ನಕಲಿ ಎಂದು ತಿಳಿದರೆ ಕೈಯಲ್ಲಿರುವುದು ಪರವಾನಗಿ ಇಲ್ಲದ ಆಯುಧ, ಅದಕ್ಕೆ ಜೈಲು.

ಇನ್ನು ಬೆಲೆ. 9 ಮಿ.ಮೀ. ನಿಷೇಧಿತ ಬೋರ್ (ನಳಿಕೆಯ ಒಳ ಅಳತೆ), ಸಾಮಾನ್ಯರಿಗೆ ಇಲ್ಲ. ಉಳಿಯುವುದು ಮುಖ್ಯವಾಗಿ ಇಂಚಿನ ಲೆಕ್ಕದ ಪಾಯಿಂಟ್ 32 ಮತ್ತು ಪಾಯಿಂಟ್ 22. ವಿದೇಶಿ ಪಿಸ್ತೂಲಿನ ಆಸೆ ಬೇಡ. 1980ರ ದಶಕದಲ್ಲಿ ಆಮದು ನಿಂತ ಮೇಲೆ ಹಳೆಯ ಜರ್ಮನ್, ಇಂಗ್ಲಿಷ್ ಹೆಸರುಗಳಿಗೆ ಕೊಡುವ ಬೆಲೆ ಕಬ್ಬಿಣಕ್ಕಲ್ಲ, ಸಿಗುವುದಿಲ್ಲ ಎಂಬುದಕ್ಕೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯ ಪಾಯಿಂಟ್ 32 ರಿವಾಲ್ವರ್ ಸಂಬಳದವರ ಕೈಗೆ ಎಟಕುವ ಆಯುಧ: ಆರು ಗುಂಡು, ಹಳೆಯ ವೆಬ್ಲಿ ವಿನ್ಯಾಸದಂತೆ ನಳಿಕೆಯನ್ನು ಕೆಳಕ್ಕೆ ಮಡಚಿ ತೆರೆಯುವ ಬಗೆ. 2014ರಲ್ಲಿ ಬಂದ ಹಗುರ 'ನಿರ್ಭೀಕ್' ಆಗಲೇ 1.22 ಲಕ್ಷ ರೂಪಾಯಿಯ ಆಸುಪಾಸಿನಲ್ಲಿತ್ತು. 2023ರ ಆಗಸ್ಟಿನಲ್ಲಿ ಬಂದ 'ಪ್ರಬಲ್' ಗುಂಡು ತುಂಬುವ ಸಿಲಿಂಡರ್ ಪಕ್ಕಕ್ಕೆ ತೆರೆಯುವಂಥದು, ಬೆಲೆಯೂ ಮೇಲೆಯೇ. 2025ರ ಸೆಪ್ಟೆಂಬರ್ 22ರಿಂದ ರಿವಾಲ್ವರ್ ಮತ್ತು ಪಿಸ್ತೂಲಿನ ಜಿಎಸ್‌ಟಿ 28ರಿಂದ ಶೇಕಡ 40ಕ್ಕೆ ಏರಿದೆ. ಕಾರ್ಖಾನೆ ಬೆಲೆ 1 ಲಕ್ಷ ಇದ್ದರೆ ಬಿಲ್ಲು 1.40 ಲಕ್ಷ. ಮೊದಲಿಗಿಂತ 12 ಸಾವಿರ ಹೆಚ್ಚು.

ಈ ತೆರಿಗೆಯ ಕಾರಣಕ್ಕೇ ಸೆಕೆಂಡ್ ಹ್ಯಾಂಡ್ ಕಡೆ ನೋಡಬೇಕು. ಅದಕ್ಕೂ ಮೊದಲು ಮನೆಯ ಕಡೆ. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಅವರು 25 ವರ್ಷ ಆಯುಧ ಇಟ್ಟುಕೊಂಡಿದ್ದರೆ, ವಾರಸುದಾರರ ಹೆಸರಿಗೆ ಮಾಡಿಸಲು 2016ರ ನಿಯಮಗಳು ಅವಕಾಶ ಕೊಡುತ್ತವೆ. ತಾತನ ರಿವಾಲ್ವರ್ ಠಾಣೆಯಲ್ಲೋ ಗನ್ ಹೌಸಿನಲ್ಲೋ ತುಕ್ಕು ಹಿಡಿಯುತ್ತಾ ಕೂತಿದ್ದರೆ ಅದಕ್ಕಿಂತ ಅಗ್ಗದ ದಾರಿ ಇಲ್ಲ. ಹೊರಗಿನವರಿಂದ ಕೊಳ್ಳುವುದಾದರೆ ಮಾರುವವರು ಮೊದಲು ಲಿಖಿತ ಮಾಹಿತಿ ಕೊಟ್ಟು 45 ದಿನ ಕಾಯಬೇಕು. ಇದು 5ನೇ ಸೆಕ್ಷನ್ನಿನ ಷರತ್ತು. 'ಈಗಲೇ ತಗೊಳ್ಳಿ, ಕಾಗದ ಆಮೇಲೆ' ಎನ್ನುವ ವ್ಯವಹಾರಕ್ಕೆ ಕೈ ಹಾಕಬೇಡಿ.

ಹಳೆಯ ರಿವಾಲ್ವರ್ ನೋಡುವ ಕ್ರಮ ಕಲಿತರೆ ಉಳಿಯುವ ದುಡ್ಡು ದೊಡ್ಡದು. ತೆರೆದು ಸಿಲಿಂಡರಿನಲ್ಲಿ ಗುಂಡು ಕೂರುವ ಆರೂ ಮನೆ ಖಾಲಿ ಎಂದು ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ಖಚಿತಪಡಿಸಿಕೊಳ್ಳಿ. ಮೈ ಮೇಲಿನ ನಂಬರ್ ಲೈಸೆನ್ಸಿನಲ್ಲಿರುವ ನಂಬರಿಗೆ ಅಕ್ಷರಕ್ಕಕ್ಷರ ಹೊಂದಬೇಕು. ನಳಿಕೆಯನ್ನು ಮೊದಲು ಬಟ್ಟೆಯಿಂದ ಒರೆಸಿ. ಎಣ್ಣೆ ಮೆತ್ತಿಟ್ಟರೆ ತುಕ್ಕಿನ ಗುಂಡಿಗಳು ಕಾಣುವುದಿಲ್ಲ. ಬೆಳಕಿಗೆ ಹಿಡಿದಾಗ ಒಳಗೆ ಒಂದು ಕಪ್ಪು ಉಂಗುರದಂಥ ನೆರಳು ಕಂಡರೆ ಅಲ್ಲಿಗೇ ಬಿಡಿ: ಹಿಂದೊಮ್ಮೆ ಸೀಸದ ಗುಂಡು ನಳಿಕೆಯಲ್ಲೇ ನಿಂತು, ಅದರ ಬೆನ್ನಿಗೆ ಇನ್ನೊಂದು ಹಾರಿ, ಉಕ್ಕು ಉಬ್ಬಿದ ಗುರುತು ಅದು. ಆಮೇಲೆ ಹ್ಯಾಮರನ್ನು (ಗುಂಡಿನ ತಳಕ್ಕೆ ಬಡಿಯುವ ಹಿಂದಿನ ಭಾಗ) ತೀರಾ ನಿಧಾನಕ್ಕೆ ಎಳೆಯಿರಿ. ಅದು ಪೂರ್ತಿ ಹಿಂದಕ್ಕೆ ಬರುವಷ್ಟರಲ್ಲಿ ಸಿಲಿಂಡರ್ ತನ್ನ ಜಾಗದಲ್ಲಿ ಕೂತು ಅಲುಗಾಡದಂತೆ ಲಾಕ್ ಆಗಬೇಕು, ಆರೂ ಮನೆಗಳಲ್ಲಿ. ಐದರಲ್ಲಿ ಕೂತು ಒಂದರಲ್ಲಿ ಹಿಂದುಳಿದರೂ ಆ ಮನೆಯ ಗುಂಡು ನಳಿಕೆಯ ಅಂಚಿಗೆ ಬಡಿದು ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಎಳೆದಿಟ್ಟ ಹ್ಯಾಮರನ್ನು ಹೆಬ್ಬೆರಳಿನಿಂದ ಮೆಲ್ಲಗೆ ಮುಂದಕ್ಕೆ ಒತ್ತಿ ನೋಡಿ. ಕುದುರೆ (ಟ್ರಿಗರ್) ಮುಟ್ಟದೆ ಅದು ಬಿದ್ದರೆ ಒಳಗಿನ ಕಚ್ಚು ಸವೆದಿದೆ.

ಸಿಲಿಂಡರಿಗೂ ನಳಿಕೆಗೂ ನಡುವಿನ ಸಂದು ಅಳೆಯಲು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸಿಗುವ ಫೀಲರ್ ಗೇಜ್ ಸಾಕು. 0.10ರಿಂದ 0.25 ಮಿ.ಮೀ. ಇದ್ದರೆ ಒಳ್ಳೆಯದು, ಅದಕ್ಕಿಂತ ಹೆಚ್ಚಿದ್ದರೆ ಬಿಸಿ ಗಾಳಿ ಸೋರುತ್ತದೆ. ಕೊನೆಗೆ ಹಿಡಿಯನ್ನು ಒಂದು ಕೈಯಲ್ಲಿ, ನಳಿಕೆಯನ್ನು ಇನ್ನೊಂದರಲ್ಲಿ ಹಿಡಿದು ಅಲ್ಲಾಡಿಸಿ. ಮಡಚುವ ರಿವಾಲ್ವರಿನಲ್ಲಿ ಮೊದಲು ಸವೆಯುವುದು ಕೀಲು ಮತ್ತು ಮೇಲಿನ ಕೊಂಡಿ. ಅಲ್ಲಿ ಸಡಿಲವಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ, ಏಕೆಂದರೆ ರಿಪೇರಿಯ ಖರ್ಚು ಉಳಿಸಿದ ದುಡ್ಡನ್ನು ತಿನ್ನುತ್ತದೆ.

ಪಿಸ್ತೂಲಿಗಿಂತ ರಿವಾಲ್ವರ್ ಏಕೆ? ಗುಂಡು ಹಾರದಿದ್ದರೆ ಮತ್ತೊಮ್ಮೆ ಕುದುರೆ ಎಳೆದರೆ ಮುಂದಿನ ಮನೆ ಬರುತ್ತದೆ. ಪಿಸ್ತೂಲಿನಲ್ಲಿ ಮೇಲಿನ ಜಾರುವ ಭಾಗವಾದ ಸ್ಲೈಡ್ ಎಳೆದು ಬಿಡಿಸಬೇಕು, ಅದಕ್ಕೆ ಅಭ್ಯಾಸ ಹೆಚ್ಚು ಬೇಕು. ಒಂದು ಎಚ್ಚರ: ಎರಡಕ್ಕೂ 'ಪಾಯಿಂಟ್ 32' ಎಂದೇ ಹೆಸರಾದರೂ ಕಾಡತೂಸು ಬೇರೆ. ರಿವಾಲ್ವರಿಗೆ ಎಸ್ ಆ್ಯಂಡ್ ಡಬ್ಲ್ಯೂ ಲಾಂಗ್, ಪಿಸ್ತೂಲಿಗೆ ಎಸಿಪಿ. ಬಿಲ್ಲಿನಲ್ಲೂ ಡಬ್ಬಿಯಲ್ಲೂ ಪೂರ್ತಿ ಹೆಸರು ಓದಿ.

ಕೈಯಲ್ಲಿರುವ ಒಟ್ಟು ದುಡ್ಡಿನಲ್ಲಿ ಬಂದೂಕಿಗೆ 100ಕ್ಕೆ 60ಕ್ಕಿಂತ ಹೆಚ್ಚು ಹೋಗಬಾರದು. ಉಳಿದದ್ದು ಗೋಡೆಗೆ ಬೋಲ್ಟ್ ಹಾಕಿದ ಸಣ್ಣ ನಂಬರ್-ಬೀಗದ ತಿಜೋರಿ, ತರಬೇತಿ, ಅಭ್ಯಾಸದ ಗುಂಡು, ಒರೆಸುವ ಸಾಮಾನು. ಈ 40 ಹೊಂದದಿದ್ದರೆ ಇನ್ನೂ ಆರು ತಿಂಗಳು ಕೂಡಿಡಿ. ಚರ್ಮದ ಹೋಲ್‌ಸ್ಟರಿನಲ್ಲಿ ರಿವಾಲ್ವರ್ ಇಟ್ಟು ಮರೆಯಬೇಡಿ: ಚರ್ಮ ಮಳೆಗಾಲದ ತೇವ ಹೀರಿ ಹಿಡಿದಿಟ್ಟು ಉಕ್ಕಿಗೆ ತುಕ್ಕು ತರಿಸುತ್ತದೆ. ತೆಳುವಾಗಿ ಎಣ್ಣೆ ಸವರಿ, ತಿಜೋರಿಯಲ್ಲಿ ಸಿಲಿಕಾ ಜೆಲ್ ಚೀಲ ಇಟ್ಟರೆ ಸಾಕು. ಗುಂಡಿಡುವ ಮನೆಗಳಲ್ಲಿ ಎಣ್ಣೆ ನಿಲ್ಲಬಾರದು, ಅದು ಕಾಡತೂಸಿನ ತಳದ ಮದ್ದಿಗೆ ಇಳಿದು ಗುಂಡು ಠುಸ್ಸೆನ್ನುತ್ತದೆ.

ವಿರೋಧ: ಕೊರತೆಯ ಬಜೆಟ್ಟಿನಲ್ಲಿ ಇದು ಬೇಡ

100ರಲ್ಲಿ 40 ತೆಗೆದಿಡಿ ಎಂಬ ಲೆಕ್ಕವನ್ನು ಒಪ್ಪುತ್ತೇವೆ. ಅದು ಮನೆಗಳಲ್ಲಿ ಉಳಿಯುತ್ತದೆ ಎಂಬುದನ್ನು ಒಪ್ಪುವುದಿಲ್ಲ. ಕೈ ಬಿಗಿಯಾದಾಗ ಬಂದೂಕು ಅರ್ಧ ಕೊಳ್ಳಲಾಗದು, ತಿಜೋರಿಯನ್ನು 'ಮುಂದಿನ ತಿಂಗಳಿಗೆ' ಎನ್ನಬಹುದು. ಅಭ್ಯಾಸವನ್ನು 'ರಜೆಗೆ' ಎನ್ನಬಹುದು. ಹಾಗೆ ಮೊದಲು ಕತ್ತರಿ ಬೀಳುವುದು ಜೀವ ಉಳಿಸುವ ಭಾಗಕ್ಕೇ. ಬಟ್ಟೆ ಬೀರುವಿನಲ್ಲಿ ಸೀರೆಗಳ ಕೆಳಗೆ ಮಲಗಿದ ರಿವಾಲ್ವರ್ ಆ ಮನೆಯ ಮಕ್ಕಳಿಗೆ ಗುಟ್ಟಲ್ಲ.

ಅಭ್ಯಾಸವಿಲ್ಲದ ಕೈಯಲ್ಲಿ ಏನಾಗುತ್ತದೆಂದು ಗುರಿ ಕಲಿಸುವವರಿಗೆ ಗೊತ್ತು. ಕಾನ್ಪುರದ ರಿವಾಲ್ವರಿನ ಕುದುರೆ ಡಬಲ್ ಆ್ಯಕ್ಷನ್‌ನಲ್ಲಿ, ಅಂದರೆ ಹ್ಯಾಮರ್ ಮೊದಲೇ ಎಳೆದಿಡದೆ ಹಾರಿಸುವಾಗ, ಭಾರ. ಬಲಗೈಯವರು ಜಗ್ಗಿ ಎಳೆದರೆ ನಳಿಕೆಯ ಮೂತಿ ಕೆಳಕ್ಕೆ, ಎಡಕ್ಕೆ ವಾಲುತ್ತದೆ. ಹಗಲಲ್ಲಿ ಕಾಗದದ ಮೇಲೆ ಅಂಗೈಯಗಲ ತಪ್ಪುವವರು ರಾತ್ರಿ ನಿದ್ದೆಗಣ್ಣಲ್ಲಿ ಎದೆ ಡವಗುಟ್ಟುವಾಗ ಎಷ್ಟು ತಪ್ಪಬಹುದು! ತಪ್ಪಿದ ಗುಂಡು ಹೋಗಿ ನಿಲ್ಲುವುದೆಲ್ಲಿ? 30×40 ಸೈಟಿನ ಮನೆಗಳು ಒಂದಕ್ಕೊಂದು ಬೆನ್ನು ತಾಗಿಸಿ ನಿಂತ ಬಡಾವಣೆಯಲ್ಲಿ ಕಿಟಕಿ ಗಾಜು, ಪ್ಲೈವುಡ್ ಬಾಗಿಲು ಗುಂಡನ್ನು ತಡೆಯುವುದಿಲ್ಲ. ಆಚೆ ಪಕ್ಕದ ಮನೆಯವರ ಮಂಚ ಇರುತ್ತದೆ. ಕಲಿಯೋಣವೆಂದರೆ ತಾರಸಿಯಲ್ಲೋ ಖಾಲಿ ಸೈಟಿನಲ್ಲೋ ಹಾರಿಸುವಂತಿಲ್ಲ, ಅನುಮತಿ ಇರುವ ರೇಂಜಿಗೇ ಹೋಗಬೇಕು. ಗುಂಡಿನ ಬೆಲೆ ಬಿಡಿ, ಲೈಸೆನ್ಸಿನಲ್ಲಿ ಬರೆದ ಸಂಖ್ಯೆ ಮೀರಿ ಗುಂಡೇ ಸಿಗುವುದಿಲ್ಲ. ರೇಂಜಿನಲ್ಲಿ ಠುಸ್ಸೆಂದ ಗುಂಡಿದ್ದಾಗ ಕನಿಷ್ಠ 30 ಸೆಕೆಂಡು ಮೂತಿಯನ್ನು ಗುರಿಯ ಕಡೆಗೇ ಹಿಡಿದಿರಬೇಕು, ತಡವಾಗಿ ಸಿಡಿಯಬಹುದು. ಸದ್ದು ಮೆದುವಾಗಿ ಕೇಳಿದರೆ ಮುಂದಿನದನ್ನು ಹಾರಿಸದೆ ನಳಿಕೆ ತೆರೆದು ನೋಡಬೇಕು. ಇಂಥವು ಪುಸ್ತಕ ಓದಿ ಕೈಗೆ ಬರುವ ವಿದ್ಯೆಗಳಲ್ಲ.

ನಿಯಮದಂತೆ ಇಟ್ಟ ಮನೆಯನ್ನೇ ನೋಡೋಣ. ರಿವಾಲ್ವರ್ ಖಾಲಿ, ತಿಜೋರಿಯಲ್ಲಿ. ಗುಂಡು ಬೇರೆ ಡಬ್ಬಿಯಲ್ಲಿ. ರಾತ್ರಿ ಎರಡಕ್ಕೆ ಬಾಗಿಲ ಚಿಲಕ ಮುರಿಯುವ ಸದ್ದು. ಎದ್ದು, ದೀಪ ಹಚ್ಚದೆ, ನಂಬರ್ ಒತ್ತಿ, ನಳಿಕೆ ಮಡಚಿ, ನಡುಗುವ ಬೆರಳಲ್ಲಿ ಆರು ಗುಂಡು ಒಂದೊಂದಾಗಿ ತುಂಬುವಷ್ಟರಲ್ಲಿ ಮಲಗುವ ಕೋಣೆಯ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ 112ಕ್ಕೆ ಕರೆ ಮಾಡಿ ಮುಗಿದಿರುತ್ತದೆ. ಪೊಲೀಸರ ಹೊಯ್ಸಳ ವಾಹನ ಬರುವವರೆಗೆ ಆ ಅಗುಳಿ ತಡೆದರೆ ಸಾಕು. ಇಷ್ಟು ನಿಧಾನ ಬೇಡವೆಂದು ಗುಂಡು ತುಂಬಿದ್ದನ್ನು ದಿಂಬಿನಡಿ ಇಟ್ಟರೆ ಮಗುವಿನ ಕೈ, ಕೆಲಸದವರ ಕೈ, ಕುಡಿದು ಬಂದ ನೆಂಟನ ಕೈ, ಎಲ್ಲದರ ಲೆಕ್ಕವೂ ಬೇಕು.

ಇನ್ನೊಂದು ಕೈ ಇದೆ, ಅದರ ಬಗ್ಗೆ ಗನ್ ಹೌಸಿನ ಕಟ್ಟೆಯಲ್ಲಿ ಯಾರೂ ಮಾತಾಡುವುದಿಲ್ಲ. ಸಾಲ, ಜಗಳ, ಖಿನ್ನತೆಯ ಒಂದು ಕೆಟ್ಟ ಗಂಟೆಯಲ್ಲಿ ಮನೆಯವರದೇ ಕೈ. ಆ ಗಂಟೆ ದಾಟಿದರೆ ಬದುಕಿ ಉಳಿಯುವವರು ಬಹಳ. ಬಂದೂಕು ಆ ಗಂಟೆಯನ್ನು ದಾಟಗೊಡುವುದಿಲ್ಲ. ದುಡ್ಡಿನ ಒತ್ತಡ ಇರುವ ಮನೆಗೆ ಈ ಅಪಾಯ ಇನ್ನೂ ಹತ್ತಿರದ್ದು. ಅಂಥ ಗಂಟೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಇದೆ, ಹಗಲು ರಾತ್ರಿ ಉಚಿತ.

ಕಾನೂನನ್ನು 14ನೇ ಸೆಕ್ಷನ್ನಿನವರೆಗೆ ಓದಿದರೆ ಸಾಲದು. ಅದರ ಹಿಂದಿನ 13ರ ಪ್ರಕಾರ ಬೆಳೆ ಕಾಯುವ ಕೋವಿ ಒಂದು ಬಗೆ, ಕೈಬಂದೂಕು ಇನ್ನೊಂದು. ಎರಡನೆಯದಕ್ಕೆ 'ಒಳ್ಳೆಯ ಕಾರಣ' ಇದೆಯೆಂದು ಅಧಿಕಾರಿಗೆ ಮನವರಿಕೆ ಆಗಬೇಕು. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯ ಜಮೀನಿನ) ಹಿಡುವಳಿದಾರರಿಗೆ ಇರುವ ಲೈಸೆನ್ಸ್ ವಿನಾಯಿತಿ ತೋರಿಸಿ ಬೆಂಗಳೂರಿನಲ್ಲಿ ಉಳಿದವರು ಕೇಳುವಂತಿಲ್ಲ. ಲೈಸೆನ್ಸ್ ಸಿಕ್ಕಿತು ಎನ್ನೋಣ, 2019ರ ತಿದ್ದುಪಡಿಯ ನಂತರ ಅದು 5 ವರ್ಷಕ್ಕೆ, ಮತ್ತೆ ನವೀಕರಣ. ಚುನಾವಣೆ ಘೋಷಣೆಯಾದಾಗಲೆಲ್ಲ ಆಯುಧವನ್ನು ಠಾಣೆಗೋ ಗನ್ ಹೌಸಿಗೋ ಒಪ್ಪಿಸಲು ಸೂಚನೆ ಬರುತ್ತದೆ. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ: ಎರಡೇ ವರ್ಷದಲ್ಲಿ ಎರಡು ಸಲ. ಗನ್ ಹೌಸಾದರೆ ಬಾಡಿಗೆ. ಠಾಣೆಯಾದರೆ ನಂಬರ್, ಗುಂಡಿನ ಎಣಿಕೆ ಬರೆದ ರಸೀದಿ ಪಡೆದು ಜೋಪಾನ ಮಾಡಬೇಕು. ಮದುವೆ ಮನೆಯಲ್ಲಿ ಸಂಭ್ರಮಕ್ಕೆ ಹಾರಿಸಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಹಾರಿಸಿದ ಮೇಲಿನ ಕಥೆ ಬೇರೆಯೇ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ, ಅಳತೆಯನ್ನೂ ಕೊಡುತ್ತವೆ. ದರೋಡೆಗೂ, ಸೂರ್ಯಾಸ್ತದ ನಂತರ ಮನೆ ಮುರಿಯುವುದಕ್ಕೂ ಆ ಹಕ್ಕು ಪ್ರಾಣ ತೆಗೆಯುವವರೆಗೆ ಹೋಗಬಹುದು. ಬೈಕು ಕದ್ದು ಓಡುತ್ತಿರುವವನ ಬೆನ್ನಿಗೆ ಹಾರಿಸಿದರೆ ಹೋಗುವುದಿಲ್ಲ. ಈ ಗೆರೆಯನ್ನು ಎರಡು ಸೆಕೆಂಡಿನಲ್ಲಿ ಕಾಣಬೇಕು, ಆಮೇಲೆ ವರ್ಷಗಟ್ಟಲೆ ಕೋರ್ಟಿನಲ್ಲಿ ತೋರಿಸಬೇಕು. ವಕೀಲರ ಫೀಸನ್ನು ಆ 100ರ ಲೆಕ್ಕದಲ್ಲಿ ಯಾರೂ ಸೇರಿಸಿಲ್ಲ.

1.40 ಲಕ್ಷ ಕೈಯಲ್ಲಿದ್ದರೆ ಮೊದಲು ಮುಂಬಾಗಿಲಿನ ಚೌಕಟ್ಟು ನೋಡಿ. ಅಗ್ಗದ ಬಾಗಿಲುಗಳಲ್ಲಿ ಬೀಗ ಗಟ್ಟಿ, ಅದು ಕೂರುವ ಮರ ಸಡಿಲ, ಅರ್ಧ ಇಂಚಿನ ಸ್ಕ್ರೂ ಒಂದೇ ಒದೆಗೆ ಕಿತ್ತು ಬರುತ್ತದೆ. ಮೂರು ಇಂಚಿನ ಸ್ಕ್ರೂ ಹಾಕಿದ ಉಕ್ಕಿನ ಪಟ್ಟಿ, ಹೊರಗೊಂದು ಗ್ರಿಲ್ ಬಾಗಿಲು, ಮಲಗುವ ಕೋಣೆಗೆ ಒಳಗಿನಿಂದ ಎರಡು ಅಗುಳಿ, ಹಿಂದಿನ ಯುಟಿಲಿಟಿ ಕಿಟಕಿಗೆ ಸರಳು, ಗೇಟಿಗೆ ಸೆನ್ಸರ್ ದೀಪ, ಕ್ಯಾಮೆರಾ. ಇಷ್ಟಾದ ಮೇಲೂ ದುಡ್ಡು ಉಳಿಯುತ್ತದೆ. ಗುರಿ ಇಡುವುದೇ ಆಸೆಯಾದರೆ 4.5 ಮಿ.ಮೀ. ಬೋರಿನ, 20 ಜೂಲ್ ಒಳಗಿನ ಶಕ್ತಿಯ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ. ಗುರುತಿನ ಚೀಟಿ ಕೊಟ್ಟು ಕೊಂಡು 10 ಮೀಟರ್ ರೇಂಜಿನಲ್ಲಿ ದಿನಕ್ಕೆ 60 ಗುಂಡು ಹಾರಿಸಬಹುದು, ಮಕ್ಕಳನ್ನೂ ಕರೆದುಕೊಂಡು ಹೋಗಬಹುದು.