ಮೇಷ್ಟ್ರನ್ನು ಬೆಂಚಿನ ಮೇಲೆ ಕೂರಿಸಿದರೆ

ಗಣಿತ, ವಿಜ್ಞಾನ ಪಾಠ ಮಾಡುವವರಿಗೆ ಅಂತಲೇ ಆಗಾಗ ಪುಟ್ಟ ತರಬೇತಿಗಳು ನಡೆಯುತ್ತವೆ. ಕರೆದ ಪತ್ರದಲ್ಲಿ ‘ವೃತ್ತಿಪರ ಅಭಿವೃದ್ಧಿ’ ಅಂತ ಬರೆದಿರುತ್ತಾರೆ. ಕೊಠಡಿಯೊಳಗೆ ಕಾಲಿಟ್ಟ ಮೇಲೆ ನೋಡಬೇಕು ನಮ್ಮ ಅಭಿವೃದ್ಧಿಯನ್ನು! ಮೊದಲು ಭರ್ತಿಯಾಗುವುದು ಹಿಂದಿನ ಬೆಂಚು. ಆಮೇಲೆ ಗೋಡೆ ಪಕ್ಕದ ಸೀಟು, ಯಾಕಂದ್ರೆ ಚಾರ್ಜರ್ ಹಾಕುವ ಪ್ಲಗ್ ಇರುವುದು ಅಲ್ಲೇ. ವರ್ಷವಿಡೀ ‘ಮುಂದೆ ಬಂದು ಕೂತ್ಕೊಳ್ಳಿ’ ಅಂತ ಮಕ್ಕಳ ಮೇಲೆ ಕೂಗಾಡುವ ನಾವೇ, ಸಂಪನ್ಮೂಲ ವ್ಯಕ್ತಿ ಅದೇ ಮಾತನ್ನು ನಮಗೆ ಹೇಳಿದಾಗ ನಮ್ಮನ್ನಲ್ಲವೇನೋ ಅನ್ನುವಂತೆ ಕಿಟಕಿ ಕಡೆ ನೋಡುತ್ತೇವೆ.

ಮೊದಲ ಕೆಲಸ ಗುಂಪು ಮಾಡುವುದು. ಒಂದು, ಎರಡು, ಮೂರು, ನಾಲ್ಕು, ಮತ್ತೆ ಒಂದು ಅಂತ ಎಣಿಸಿಕೊಂಡು ಹೋಗಬೇಕು, ಒಂದು ಅಂದವರೆಲ್ಲ ಒಂದು ಕಡೆ, ಎರಡು ಅಂದವರೆಲ್ಲ ಇನ್ನೊಂದು ಕಡೆ. ಇಡೀ ಕೊಠಡಿಯಲ್ಲಿ ಇರುವವರೆಲ್ಲ ಗಣಿತ, ವಿಜ್ಞಾನದವರು. ಆದರೂ ನಾಲ್ಕರವರೆಗೆ ಎಣಿಸಲು ಕಾಲು ಗಂಟೆ ಬೇಕಾಯಿತು. ಒಬ್ಬರು ಐದು ಅಂದರು. ಇನ್ನೊಬ್ಬರು ಗೆಳೆಯರ ಗುಂಪಿಗೆ ಸೇರಬೇಕು ಅಂತ ಎರಡನ್ನು ಸದ್ದಿಲ್ಲದೆ ಮೂರು ಮಾಡಿಕೊಂಡರು. ಕೊನೆಗೆ ಒಂದು ಗುಂಪಿನಲ್ಲಿ ಹದಿಮೂರು ಜನ, ಇನ್ನೊಂದರಲ್ಲಿ ಮೂವರು. ಶೇಷ ಇಷ್ಟೊಂದು ಬರಬಾರದಲ್ವಾ ಅಂತ ಯಾರೋ ಕೇಳಿದರು. ಉತ್ತರ ಕೊಡುವ ಧೈರ್ಯ ಯಾರಿಗೂ ಬರಲಿಲ್ಲ.

ಆಮೇಲೆ ಸಂಭವನೀಯತೆ. 23 ಜನ ಒಂದು ಕಡೆ ಸೇರಿದರೆ ಅವರಲ್ಲಿ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಕೇಳಿದವರಿಗೆ ನಂಬಿಕೆ ಬರುವುದಿಲ್ಲ, ಆದರೆ ಲೆಕ್ಕ ಪಕ್ಕಾ. 365 ದಿನ ಇದೆಯಲ್ಲ ಅಂತ ನಾವು ಯೋಚಿಸುತ್ತೇವೆಯೇ ಹೊರತು, 23 ಜನರಲ್ಲಿ 253 ಜೋಡಿ ಆಗುತ್ತವೆ ಅನ್ನುವುದು ತಲೆಗೆ ಹೊಳೆಯುವುದಿಲ್ಲ. ನಾವು ಸುಮಾರು ಮೂವತ್ತು ಜನ ಇದ್ದೆವು. ಮೂವತ್ತು ಜನ ಅಂದರೆ ಸಾಧ್ಯತೆ ನೂರಕ್ಕೆ ಎಪ್ಪತ್ತರಷ್ಟು. ಸಂಪನ್ಮೂಲ ವ್ಯಕ್ತಿ ಜಾದೂಗಾರನ ಹಾಗೆ ಕೈ ಉಜ್ಜಿಕೊಂಡು ಒಬ್ಬೊಬ್ಬರ ದಿನಾಂಕ ಕೇಳುತ್ತಾ ಬಂದರು. ಒಂದೂ ಹೊಂದಲಿಲ್ಲ. ಮುಖ ಸಣ್ಣದಾಯಿತು ಪಾಪ. ‘ನೂರಕ್ಕೆ ಮೂವತ್ತು ಸಲ ಹೀಗೇ ಆಗ್ಬೇಕು ಸಾರ್, ಲೆಕ್ಕ ಸರಿಯಾಗೇ ಇದೆ’ ಅಂತ ಗಣಿತದವರು ಸಮಾಧಾನ ಮಾಡಿದರು. ಭೌತಶಾಸ್ತ್ರದ ಮೇಡಂ ಇನ್ನೂ ಉದಾರಿ. ಒಂದು ದಿನ ಆಚೀಚೆ ಇದ್ದರೆ ನಮ್ಮಲ್ಲಿ ಅದನ್ನು ಅಳತೆಯ ದೋಷ ಅಂತ ಒಪ್ಪಿಕೊಳ್ತೀವಿ ಅಂದರು. ಹಾಗೆ ನೋಡಿದಾಗ ಒಂದಲ್ಲ, ಹಲವು ಜೋಡಿಗಳು ಸಿಕ್ಕವು. ಒಂದು ದಿನದ ಸಡಿಲ ಬಿಟ್ಟರೆ 14 ಜನ ಇದ್ದರೂ ಅರ್ಧದಷ್ಟು ಸಾಧ್ಯತೆ ಬಂದುಬಿಡುತ್ತದೆ. ಈ ವಿಷಯ ಅವತ್ತಿನ ಸ್ಲೈಡುಗಳಲ್ಲಿ ಎಲ್ಲೂ ಇರಲಿಲ್ಲ.

ವಿಜ್ಞಾನದ ಪಾಳಿ ಬಂದಾಗ ಮೇಣದಬತ್ತಿ ಬಂತು. ತಟ್ಟೆಯಲ್ಲಿ ಬಣ್ಣದ ನೀರು, ನಡುವೆ ಉರಿಯುವ ಬತ್ತಿ, ಮೇಲೆ ಗಾಜಿನ ಲೋಟ ಮಗುಚಿ ಇಡುವುದು. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಗಾಳಿಯಲ್ಲಿ ಐದನೇ ಒಂದು ಭಾಗ ಆಮ್ಲಜನಕ, ಅದು ಖಾಲಿಯಾದ ಜಾಗಕ್ಕೆ ನೀರು ಬಂತು ಅಂತ ಎಷ್ಟೋ ಜನ ಕಲಿತಿದ್ದೇವೆ, ಕಲಿಸಿಯೂ ಇದ್ದೇವೆ. ಮೊದಲು ಫ್ಯಾನ್ ಗಾಳಿಗೆ ಬತ್ತಿ ಹತ್ತಲೇ ಇಲ್ಲ. ಫ್ಯಾನ್ ಆರಿಸಿದರು, ಎಲ್ಲರೂ ಬೆವೆತೆವು. ನಮ್ಮ ಪಕ್ಕದ ಗುಂಪಿನವರು ಉತ್ಸಾಹ ಜಾಸ್ತಿಯಾಗಿ ಒಂದರ ಬದಲು ನಾಲ್ಕು ಬತ್ತಿ ಹಚ್ಚಿಬಿಟ್ಟರು. ಅವರ ಲೋಟದಲ್ಲಿ ನೀರು ನಮ್ಮದಕ್ಕಿಂತ ಎಷ್ಟೋ ಮೇಲೆ ಹೋಯಿತು. ಲೋಟ ಅದೇ ಅಳತೆಯದು, ಒಳಗಿನ ಗಾಳಿಯೂ ಅಷ್ಟೇ. ಹಾಗಾದರೆ ನಾಲ್ಕು ಬತ್ತಿಗೆ ಹೆಚ್ಚಿನ ಆಮ್ಲಜನಕ ಎಲ್ಲಿಂದ ಬಂತು?

ಕೊಠಡಿ ಗಪ್‌ಚುಪ್. ಸಂಪನ್ಮೂಲ ವ್ಯಕ್ತಿ ಸ್ಲೈಡ್ ಹಿಂದಕ್ಕೆ ಹಾಕಿದರು, ಮುಂದಕ್ಕೆ ಹಾಕಿದರು. ಬಾಯಿ ಬಿಟ್ಟವರು ಅಲ್ಲಿಯವರೆಗೆ ತೂಕಡಿಸುತ್ತಿದ್ದ ರಸಾಯನಶಾಸ್ತ್ರದ ಮೇಷ್ಟ್ರು. ಲೋಟ ಮುಚ್ಚುವಾಗ ಬಿಸಿಗೆ ಗಾಳಿ ಹಿಗ್ಗಿ ಒಂದಿಷ್ಟು ಹೊರಗೆ ಹೋಗಿಬಿಟ್ಟಿರುತ್ತದೆ, ಅಂಚಿನಲ್ಲಿ ಗುಳ್ಳೆ ಬಂದದ್ದನ್ನು ಯಾರಾದರೂ ನೋಡಿದಿರಾ ಅಂತ ಕೇಳಿದರು. ಬತ್ತಿ ಆರಿದ ಮೇಲೆ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ. ಬತ್ತಿ ಜಾಸ್ತಿ ಇದ್ದಷ್ಟೂ ಬಿಸಿ ಜಾಸ್ತಿ, ನೀರೂ ಜಾಸ್ತಿ. ಇನ್ನು ಆಮ್ಲಜನಕ ಪೂರ್ತಿ ಖಾಲಿಯಾಗುವ ಮೊದಲೇ ಬತ್ತಿ ಆರಿಹೋಗುತ್ತದೆ. ಇಷ್ಟು ಹೇಳಿ ಅವರು ಮತ್ತೆ ಕಣ್ಣು ಮುಚ್ಚಿದರು. ನನ್ನ ಪ್ರಕಾರ ಇಡೀ ತರಬೇತಿಗೆ ಖರ್ಚಾದದ್ದು ಆ ಎರಡು ನಿಮಿಷಕ್ಕೇ ವಸೂಲಾಯಿತು. ಅದೂ ಬತ್ತಿ ಎಣಿಸದೆ ಹಚ್ಚಿದವರ ದಯೆಯಿಂದ.

ಬಿಡುವಿನಲ್ಲಿ ಯಾರೋ ಸುಮ್ನೆ 0.999… ಅನ್ನುವುದು 1ಕ್ಕೆ ಸಮ ಅಂದುಬಿಟ್ಟರು. ಮೂರನೇ ಒಂದು ಭಾಗ ಅಂದರೆ 0.333…, ಅದನ್ನು ಮೂರರಿಂದ ಗುಣಿಸಿ ನೋಡಿ, ಮುಗಿಯಿತು. ಆದರೆ ಮುಗಿಯಲಿಲ್ಲ. ‘ಸ್ವಲ್ಪ ಕಡಿಮೆ ಇದ್ದೇ ಇರುತ್ತೆ ಕಣ್ರೀ.’ ‘ಎಷ್ಟು ಕಡಿಮೆ?’ ‘ಸ್ವಲ್ಪ.’ ‘ಎಷ್ಟು ಅಂತ ಬರೆದು ತೋರಿಸಿ.’ ಸೊನ್ನೆ ಬರೆಯುತ್ತಾ ಹೋದವರ ಮಾರ್ಕರ್ ಒಣಗಿತೇ ಹೊರತು ಕೊನೆಯ ಒಂದು ಬರಲಿಲ್ಲ. ಈ ಜಗಳದಲ್ಲಿ ಮುಂದಿನ ಅವಧಿಯೇ ತಿಂದುಹೋಯಿತು. ಅದು ಸಮಯ ನಿರ್ವಹಣೆಯ ಅವಧಿ.

ಕಡೆಯಲ್ಲಿ ಬಂದದ್ದು ಪ್ರಶ್ನೆ ಕೇಳುವ ಕಲೆ. ಅಮೆರಿಕದ ಮೇರಿ ಬಡ್ ರೋ ಅನ್ನುವವರು 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿ ಒಂದು ವಿಷಯ ಹೇಳಿದರು. ಪ್ರಶ್ನೆ ಕೇಳಿದ ಮೇಷ್ಟ್ರು ಉತ್ತರಕ್ಕೆ ಕಾಯುವುದು ಸಾಮಾನ್ಯವಾಗಿ ಒಂದೇ ಸೆಕೆಂಡಿನಷ್ಟು. ಅದನ್ನು ಮೂರು ಸೆಕೆಂಡ್ ಮಾಡಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡುವವರ ಸಂಖ್ಯೆಯೂ ಹೆಚ್ಚುತ್ತದೆ. ಎಂಥ ಒಳ್ಳೆ ಮಾತು! ಇದನ್ನು ವಿವರಿಸಿದ ಸಂಪನ್ಮೂಲ ವ್ಯಕ್ತಿ, ‘ಇದರ ಬಗ್ಗೆ ಏನನ್ಸುತ್ತೆ ನಿಮಗೆ? ಒಳ್ಳೇದೇ ಅನ್ಸುತ್ತೆ, ಅಲ್ವಾ? ಸರಿ, ಮುಂದಿನ ಸ್ಲೈಡ್’ ಅಂದರು. ಹಿಂದಿನ ಬೆಂಚಿನಿಂದ ಯಾರೋ ‘ಅರ್ಧ ಸೆಕೆಂಡ್’ ಅಂದರು.

ಮರಳಿ ಬಂದವನು ನನ್ನ ತರಗತಿಯಲ್ಲಿ ಇದನ್ನು ಮಾಡಿಯೇ ನೋಡಿದೆ. ಭಿನ್ನರಾಶಿಯನ್ನು ಭಾಗಿಸುವಾಗ ಎರಡನೆಯದನ್ನು ಯಾಕೆ ತಲೆಕೆಳಗು ಮಾಡ್ತೀವಿ ಅಂತ ಕೇಳಿ ಸುಮ್ಮನೆ ನಿಂತೆ. ಒಂದು ಸೆಕೆಂಡ್. ಎರಡು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರನೆಯ ಸೆಕೆಂಡಿಗೆ ಮುಂದಿನ ಸಾಲಿನ ಹುಡುಗಿ ಕೈ ಎತ್ತಿದಳು. ನನಗೋ ಖುಷಿಯೋ ಖುಷಿ, ಹೇಳಮ್ಮ ಅಂದೆ. ಅವಳು ಬೇರೆಯವರಿಗೆ ಕೇಳಿಸದ ಹಾಗೆ ಮೆಲ್ಲಗೆ, ‘ಪುಸ್ತಕದಲ್ಲಿ ಇದೆ ಸಾರ್, ಪುಟ ತೆಗೆದುಕೊಡ್ಲಾ?’ ಅಂದಳು.