ಹಿಂದೆ ನಿಂತು ಪ್ಲಟೂನ್ ನಡೆಸೋಕೆ ಆಗಲ್ಲ
ನಿಮ್ಮ ಲೇಖನದಲ್ಲಿ ಸೇನೆಯ ಕಿರಿಯ ಅಧಿಕಾರಿಗಳು ಮುಂದೆ ನುಗ್ಗಿ ಸುಮ್ನೆ ಪ್ರಾಣ ಕೊಡುತ್ತಾರೆ, ಹಿಂದಿನಿಂದ ವಯರ್‌ಲೆಸ್‌ನಲ್ಲೇ ತಂಡ ನಡೆಸಬಹುದು ಅಂತ ಬರೆದಿದ್ದೀರಿ. ಖಂಡಿತ ಒಪ್ಪುವುದಿಲ್ಲ ಸರ್. ಪ್ಲಟೂನ್ ಅಂದರೆ ಮೂವತ್ತು ಚಿಲ್ಲರೆ ಸೈನಿಕರ ತಂಡ. ಕತ್ತಲೆ, ಕಡಿದಾದ ಬಂಡೆ, ಮೇಲಿಂದ ಮಷಿನ್ ಗನ್, ಉಸಿರೇ ಸಿಗದ ಎತ್ತರ. ಗುಂಡು ಯಾವ ಬಂಕರಿನಿಂದ ಬರುತ್ತಿದೆ, ಎಡಕ್ಕೆ ಸುತ್ತಿ ಹೋಗಬೇಕಾ ಬಲಕ್ಕಾ ಅನ್ನೋದು ಮುಂದೆ ಇರುವವನಿಗೆ ಮಾತ್ರ ಗೊತ್ತಾಗುತ್ತದೆ.

1999ರ ಜುಲೈನಲ್ಲಿ, ಕಾರ್ಗಿಲ್ ಯುದ್ಧದಲ್ಲಿ, ಖಾಲೂಬಾರ್ ಬೆಟ್ಟದಲ್ಲಿ ಗೂರ್ಖಾ ರೈಫಲ್ಸ್‌ನ ಮನೋಜ್ ಕುಮಾರ್ ಪಾಂಡೆ ಭುಜಕ್ಕೆ, ಕಾಲಿಗೆ ಗುಂಡು ತಗುಲಿದರೂ ನಿಲ್ಲದೆ ಒಂದೊಂದೇ ಬಂಕರ್ ತೆರವು ಮಾಡುತ್ತಾ ಹೋಗಿ ನಾಲ್ಕನೆಯದರ ಹತ್ತಿರ ಪ್ರಾಣ ಬಿಟ್ಟರು. ವಯಸ್ಸು 24. 1971ರ ಪಾಕಿಸ್ತಾನ ಯುದ್ಧದಲ್ಲಿ ಪ್ರಾಣ ಕೊಟ್ಟ, ಪೂನಾ ಹಾರ್ಸ್ ಅನ್ನೋ ಟ್ಯಾಂಕ್ ರೆಜಿಮೆಂಟಿನ ಅರುಣ್ ಖೇತರ್‌ಪಾಲ್‌ಗೆ ಬರೀ 21, ಅಧಿಕಾರಿಯಾಗಿ ಆರು ತಿಂಗಳಾಗಿತ್ತು ಅಷ್ಟೇ. ಇಬ್ಬರೂ ನಮ್ಮ ಪುಣೆಯ ಖಡಕ್‌ವಾಸ್ಲಾದ ಎನ್‌ಡಿಎಯಲ್ಲಿ, ಅಂದರೆ ಸೇನಾ ಅಧಿಕಾರಿಗಳಾಗುವವರಿಗೆ ತರಬೇತಿ ಕೊಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ, ತಯಾರಾದವರು.

ಹಾಗಂತ ಧೈರ್ಯವೊಂದೇ ಸಾಕು ಅಂತಲ್ಲ. ನನ್ನ ಅಕ್ಕನ ಮಗ ಅಲ್ಲೇ ಕಲಿತು ಈಗ ಗಡಿಯಲ್ಲಿ ಅಧಿಕಾರಿಯಾಗಿದ್ದಾನೆ. ರಜೆಗೆ ಕೋಥ್ರೂಡ್‌ನ ಮನೆಗೆ ಬಂದರೆ ಗುಂಡಿನ ಮಾತು ಕಡಿಮೆ. ಗಸ್ತು ಮುಗಿದ ಮೇಲೆ ಪ್ರತಿ ಜವಾನನ ಸಾಕ್ಸ್ ಬಿಚ್ಚಿಸಿ, ಹಿಮಕ್ಕೆ ಬೆರಳು ಮರಗಟ್ಟಿದೆಯಾ ಅಂತ ಟಾರ್ಚ್ ಹಿಡಿದು ನೋಡುವುದು, ಯಾರ ಮನೆಯಲ್ಲಿ ಕಾಯಿಲೆ, ಯಾರಿಗೆ ಮೊದಲು ರಜೆ ಬೇಕು, ಇದೇ ಜಾಸ್ತಿ. ಜವಾನರಾಗಿ ಸೇರಿ ಮೇಲೆ ಬಂದ, ವಯಸ್ಸಿನಲ್ಲಿ ತುಂಬಾ ಹಿರಿಯರಾದ ಸುಬೇದಾರ್ ಸಾಹೇಬರ ಮಾತು ಪೂರ್ತಿ ಕೇಳಿ, ಆಮೇಲೆ ಆದೇಶ ಮಾತ್ರ ತಾನೇ ಕೊಡಬೇಕು. ಜವಾನರು ಇದನ್ನೆಲ್ಲ ದಿನಾ ನೋಡಿರುತ್ತಾರೆ, ಅದಕ್ಕೇ ಮುಂದೆ ನಡೆಯುವ ಅಧಿಕಾರಿಯ ಹಿಂದೆ ಹೊರಡುತ್ತಾರೆ ಅಲ್ವಾ? ನಿಮ್ಮ ಲೇಖನದಲ್ಲಿ ಸುಬೇದಾರರ ಹೆಸರೇ ಇಲ್ಲ, ದಯವಿಟ್ಟು ಅವರ ಬಗ್ಗೆಯೂ ಬರೆಯಿರಿ.